ಡೆಲ್ಮರ್ ಬರೆದ ಕಾಗದ

ಗುರುವಾರ ಬಂತೆಂದರೆ ರೀವಾಳಿಗೆ ಎರಡು ಒಲೆ. ಬೆಳಿಗ್ಗೆ ಐದಕ್ಕೆ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವುದು, ಸಂಜೆ ಮನೆಯಲ್ಲಿ ನಾಲ್ಕು ಜನಕ್ಕೆ. ಬೇರೆ ದಿನ ಸಂಜೆಯ ಒಲೆ ಅವಳ ತಾಯಿ ಓಲೀಟಾಳದು. ಗುರುವಾರ ಮಾತ್ರ ಓಲೀಟಾ ಚರ್ಚಿನ ನೆಲಮಾಳಿಗೆಯಲ್ಲಿ ಊರವರ ಕಾಲು, ಊರವರ ರಕ್ತದೊತ್ತಡ, ಊರವರ ಸಕ್ಕರೆ ನೋಡುತ್ತ ಕೂತಿರುತ್ತಿದ್ದಳು.

ಅಕ್ಟೋಬರಿನ ಆ ಗುರುವಾರ ಏಳಾದರೂ ಅವಳ ಸುಳಿವಿಲ್ಲ. ಬೀನ್ಸ್ ಸಾರು ಕೆನೆಗಟ್ಟಿತ್ತು. ಮೆಕ್ಕೆಜೋಳದ ರೊಟ್ಟಿ ಬಾಣಲೆಯಲ್ಲೇ ಆರುತ್ತಿತ್ತು.

"ನಿಮ್ಮಮ್ಮ ಇನ್ನೂ ಬರ್ಲಿಲ್ವಾ?" ಅಪ್ಪ ಡೆಲ್ಮರ್ ಕುರ್ಚಿಯಿಂದಲೇ ಕೇಳಿದ. ಮೂಗಿಗೆ ಆಮ್ಲಜನಕದ ಕೊಳವೆ. ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವನ ಎದೆಯೊಳಗೆ ಧೂಳು ಬಿಟ್ಟು ಹೆಚ್ಚೇನೂ ಉಳಿದಿರಲಿಲ್ಲ. ಒಂದು ಮಾತಿಗೆ ಎರಡು ಸಲ ನಿಂತು ಉಸಿರೆಳೆಯುತ್ತಿದ್ದ. ಬಯ್ಯುವಾಗ ಮಾತ್ರ ಅದು ಹೇಗೋ ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು.

"ಬರ್ತಾಳೆ. ನೀನು ತಿನ್ನಪ್ಪ."

ಓಲೀಟಾ ಒಳಗೆ ಬಂದಾಗ ಕಂಕುಳಲ್ಲಿ ಎರಡು ಗಾಜಿನ ಜಾಡಿ, ಕೈಯಲ್ಲಿ ದಾರಕ್ಕೆ ಪೋಣಿಸಿ ಒಣಗಿಸಿದ ಬೀನ್ಸಿನ ಸರ.

"ವರ್ಡೀ ಕೊಟ್ಲು," ಎಂದಳು. "ಬೇಡ ಅಂದ್ರೆ ಕೇಳ್ತಾಳಾ ಅವಳು."

"ಊಟ ಆರಿ ಕಲ್ಲಾಗಿದೆ," ರೀವಾ ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು. "ಅಪ್ಪನಿಗೆ ಇವತ್ತು ಎರಡು ಸಲ ದಮ್ಮು ಕಟ್ಟಿತ್ತು. ಎರಡು ಸಲಾನೂ ನಾನೇ ಇದ್ದದ್ದು. ಈ ಮನೇಲಿ ಒಬ್ಬ ನರ್ಸ್ ಇದಾಳೆ ಅಂತ ಊರೋರು ಹೇಳ್ತಾರೆ. ನಾನಂತೂ ನೋಡಿಲ್ಲ."

"ಹೋಬರ್ಟನ ಕಾಲು ತೊಳೆದು ಕಟ್ಟೋ ಹೊತ್ತಿಗೆ ತಡ ಆಯ್ತು ಕಣೆ. ಹುಣ್ಣಿನ ಅಂಚು ಈಗ ಕೆಂಪಾಗಿದೆ, ಒಳ್ಳೆ ಕೆಂಪು. ಹೀಗೇ ಕಟ್ಟಿದ್ರೆ ಎರಡು ತಿಂಗಳಲ್ಲಿ ಮುಚ್ಚಿಕೊಳ್ಳುತ್ತೆ."

"ಅಜ್ಜಿ, ತಿನ್ತಾ ಇದೀನಿ," ಎಂದಳು ರೀವಾಳ ಮಗಳು ಕ್ಯಾಸಿ. ಹದಿನೆಂಟರ ಅವಳು ರಸ್ತೆ ಬದಿಯ ಅಗ್ಗದ ಅಂಗಡಿಯಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದಳು.

"ನನಗೂ ಒಂದು ಹುಣ್ಣಾಗ್ಬೇಕಿತ್ತು," ಎಂದ ಡೆಲ್ಮರ್. "ಗುರುವಾರ ಹೆಂಡ್ತಿ ಮುಖ ನೋಡೋಕೆ ಸಿಗ್ತಿತ್ತು."

"ಮೆಟ್ಟಿಲು ಇಳಿದು ಬಾ. ನಿನ್ನನ್ನೂ ನೋಡ್ತೀನಿ."

"ಧರ್ಮದ ಮದ್ದಿಗೆ ಸಾಲು ನಿಲ್ಲೋನಲ್ಲ ನಾನು, ಓಲಿ. ಈ ಗಾಳಿ ಇದೆಯಲ್ಲ," ಎಂದು ಕೊಳವೆಯನ್ನು ಮುಟ್ಟಿ ತೋರಿಸಿದ, "ಇದನ್ನ ದುಡಿದು ಸಂಪಾದ್ಸಿದ್ದು."

ಓಲೀಟಾ ಮೂವತ್ತೆಂಟು ವರ್ಷ ಕೌಂಟಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅವಳು ನಿವೃತ್ತಳಾದ ಮರುವರ್ಷ ಆಸ್ಪತ್ರೆಯೂ ಬಾಗಿಲು ಹಾಕಿತು. ಆಮೇಲೆ ಹತ್ತಿರದ ಡಾಕ್ಟರೆಂದರೆ ಬೆಟ್ಟದ ಆಚೆ ಐವತ್ತು ಮೈಲಿ. ಅಪಲೇಚಿಯಾ ಬೆಟ್ಟಸಾಲಿನ ಆ ಕಣಿವೆಯಲ್ಲಿ ಅರ್ಧ ಜನಕ್ಕೆ ಗಾಡಿಯಿಲ್ಲ, ಗಾಡಿಯಿದ್ದವರಿಗೆ ವಿಮೆಯಿಲ್ಲ. ನಿವೃತ್ತರಾದ ಡಾಕ್ಟರು, ನರ್ಸುಗಳಿಗೆಂದು ಸರ್ಕಾರ ಒಂದು ಬೇರೆ ಲೈಸೆನ್ಸ್ ಕೊಡುತ್ತಿತ್ತು. ಸೇವೆಯ ಲೈಸೆನ್ಸ್. ಅದಕ್ಕೆ ಶುಲ್ಕವಿಲ್ಲ, ದುಡ್ಡಿಲ್ಲದವರಿಗೆ ಮಾತ್ರ ಕೆಲಸ ಮಾಡಬೇಕು, ಅವರಿಂದ ಯಾವ ಪ್ರತಿಫಲವನ್ನೂ ಪಡೆಯಬಾರದು, ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಓಲೀಟಾ ದುಡ್ಡು ಮುಟ್ಟಿದವಳಲ್ಲ. ಆದರೆ ಮನೆಬಾಗಿಲಿಗೆ ಬಂದ ಜಾಡಿಯನ್ನು ಬೇಡವೆನ್ನುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಆ ಕಣಿವೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ಸಲದ ಅರ್ಜಿ ಆ ವಾರವೇ ಹೋಗಬೇಕಿತ್ತು. ಊಟದ ಮೇಜಿನ ಮೇಲೆ ಹರಡಿಕೊಂಡು ಓಲೀಟಾ ತುಂಬಿದಳು. ಜೊತೆಗೆ ಅವಳ ಸೇವೆ ಬಲ್ಲವರ ಪತ್ರಗಳು ಬೇಕು. ಒಂದನ್ನು ಪಾದ್ರಿ ಎಸ್ಟಿಲ್ ಬರೆದುಕೊಟ್ಟಿದ್ದ, ಇನ್ನೊಂದನ್ನು ತಿಂಗಳಿಗೊಮ್ಮೆ ಬಂದು ಹೋಗುವ ಮುದಿ ಡಾಕ್ಟರು.

"ಮೊಹರು ಒತ್ತಿರೋ ದೊಡ್ಡ ದೊಡ್ಡ ಮಾತು," ಡೆಲ್ಮರ್ ಪಾದ್ರಿಯ ಕಾಗದವನ್ನು ದೂರ ಹಿಡಿದು ಓದಿದ. "'ದೀನ ದರಿದ್ರರ ಸೇವೆ.' ಯಾರಪ್ಪ ದರಿದ್ರರು? ವರ್ಡೀನಾ? ಹೋಬರ್ಟಾ? ಹೋಬರ್ಟ್ ನನ್ನ ಪಕ್ಕ ಹನ್ನೆರಡು ವರ್ಷ ಕಲ್ಲಿದ್ದಲು ಕಡಿದೋನು."

"ಹಂಗೆ ಬರೆದ್ರೇನೇ ಅವರಿಗೆ ತಿಳಿಯೋದು," ಎಂದಳು ಓಲೀಟಾ.

ಡೆಲ್ಮರ್ ಕಾಗದವನ್ನು ಮೇಜಿನ ಮೇಲಿಟ್ಟ. ಮರುದಿನ ಕ್ಯಾಸಿಯ ಹತ್ತಿರ ಗೆರೆ ಹಾಳೆ ಇಸಿದುಕೊಂಡ. ರೀವಾ ಶಾಲೆಗೆ ಹೊರಡುವಾಗ ಮಡಿಸಿದ ಕಾಗದವನ್ನು ಅವಳ ಕೈಗಿಟ್ಟ.

"ಆ ಲಕೋಟೆ ಒಳಗೆ ಇದನ್ನೂ ಹಾಕು. ನಿಮ್ಮಮ್ಮನಿಗೆ ಹೇಳ್ಬೇಡ."

"ಏನಪ್ಪ ಇದು? ಅವಳ ಮೇಲೆ ದೂರಾ?"

"ಹೂಂ. ಐವತ್ತು ವರ್ಷದ ದೂರು. ನಡಿ, ಹೊತ್ತಾಯ್ತು."

ಅವಳಿಗೆ ನಿಜಕ್ಕೂ ಹೊತ್ತಾಗಿತ್ತು. ಓದಲಿಲ್ಲ. ಗಾಡಿಯಲ್ಲೇ ಕೂತು ಲಕೋಟೆಗೆ ತುರುಕಿ, ಅಂಟನ್ನು ನಾಲಗೆಯಿಂದ ನೆಕ್ಕಿ, ಅಂಚೆ ಡಬ್ಬಿಗೆ ಹಾಕಿದಳು.

*

ನವೆಂಬರಿನ ಎರಡನೆಯ ವಾರ ಉತ್ತರ ಬಂತು. ದಪ್ಪ ಲಕೋಟೆ. ಓಲೀಟಾ ಆಲೂಗಡ್ಡೆ ಹೆಚ್ಚುತ್ತಿದ್ದವಳು ಕೈ ಒರೆಸಿಕೊಂಡು ನಿಂತೇ ಓದಿದಳು. ಆಮೇಲೆ ಕೂತಳು.

"ಏನಮ್ಮ?"

"ಲೈಸೆನ್ಸ್ ತಡೆಹಿಡಿದಿದಾರೆ. ವಿಚಾರಣೆ ಮುಗಿಯೋ ತನಕ ಯಾವ ರೋಗೀನೂ ಮುಟ್ಟೋ ಹಾಗಿಲ್ಲವಂತೆ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ನಾನು ಪ್ರತಿಫಲ ತಗೊಂಡಿದೀನಂತೆ. ಅರ್ಜಿ ಜೊತೆ ಬಂದ ಪತ್ರದಿಂದಲೇ ಗೊತ್ತಾಯ್ತಂತೆ. ನಕಲು ಕಳಿಸಿದಾರೆ."

ನಕಲನ್ನು ರೀವಾ ನೋಡಿದಳು. ಗೆರೆ ಹಾಳೆ. ಅಪ್ಪನ ಅಕ್ಷರ, ಒಂದೊಂದೂ ಮೊಳೆ ಹೊಡೆದಂತೆ. ಓಲೀಟಾ ಅದನ್ನು ಗಟ್ಟಿಯಾಗಿ ಓದಿದಳು, ಅವನಿಗೆ ಕೇಳುವಂತೆ:

'ಮಾನ್ಯರೇ, ನಾನು ಓಲೀಟಾಳ ಗಂಡ. ನಮ್ಮ ಕಣಿವೆಯ ಜನರ ಬಗ್ಗೆ ನಿಮಗೆ ತಪ್ಪು ಅಭಿಪ್ರಾಯ ಬರಬಾರದೆಂದು ಬರೆಯುತ್ತಿದ್ದೇನೆ. ಇವರು ಭಿಕ್ಷೆಗೆ ಬರುವವರಲ್ಲ. ಪ್ರತಿಯೊಬ್ಬರೂ ಕೊಟ್ಟೇ ಹೋಗುತ್ತಾರೆ. ವರ್ಡೀ ಬೀನ್ಸ್ ಕೊಡುತ್ತಾಳೆ. ಹೋಬರ್ಟ್ ಸ್ಲೋನ್ ಕ್ರಿಸ್‌ಮಸ್‌ಗೆ ಹೊಗೆಯಲ್ಲಿ ಹದ ಮಾಡಿದ ಹಂದಿತೊಡೆ ಕೊಡುತ್ತಾನೆ. ಹೋದ ವಸಂತದಲ್ಲಿ ನಮ್ಮ ಛಾವಣಿ ಸೋರುತ್ತಿದ್ದಾಗ ಆ ಕಾಲಿನಲ್ಲೇ ಮೇಲೆ ಹತ್ತಿ ರಿಪೇರಿ ಮಾಡಿದ. ಹೋದ ಚಳಿಗಾಲದ ಸೌದೆಯೆಲ್ಲ ಇವರದೇ. ನನ್ನ ಹೆಂಡತಿಯ ಕೆಲಸಕ್ಕೆ ಇವರು ಕಟ್ಟಿದ ಬೆಲೆ ಅದು. ನಾನು ಅವಳಿಗೆ ಈ ಮಾತು ಯಾವತ್ತೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅವಳಂಥ ಕೈ ಈ ಕೌಂಟಿಯಲ್ಲಿ ಇನ್ನೊಂದಿಲ್ಲ.'

ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು. ರೀವಾ ಎದ್ದು ಆರಿಸಿದಳು.

"ಹೊಗಳಿ ಬರೆದೆ ಕಣೇ," ಎಂದ ಡೆಲ್ಮರ್.

"ಗೊತ್ತು."

"ಭಿಕ್ಷೆ ಅಂತ ಬರೀಬೇಕಿತ್ತಾ? ಹೋಬರ್ಟ್ ಭಿಕ್ಷುಕ ಅಂತ ಬರೀಬೇಕಿತ್ತಾ ನಾನು?"

"ನೀನು ಏನೂ ಬರೀಬೇಕಾಗಿರ್ಲಿಲ್ಲ. ಐವತ್ತು ವರ್ಷ ಬಾಯಿ ಮುಚ್ಕೊಂಡಿದ್ದೋನು, ಇನ್ನೊಂದು ವಾರ ಮುಚ್ಕೊಂಡಿದ್ರೆ ಆಗ್ತಿತ್ತು!"

ಓಲೀಟಾ ದನಿ ಏರಿಸಿದ್ದನ್ನು ಕ್ಯಾಸಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ರೀವಾ ಕೇಳಿದ್ದು ಎರಡೋ ಮೂರೋ ಸಲ. ಡೆಲ್ಮರ್ ಉಸಿರಿಗಾಗಿ ಬಾಯಿ ತೆರೆದ, ಸಿಗಲಿಲ್ಲ. ಓಲೀಟಾ ಬಯ್ಯುತ್ತಲೇ ಎದ್ದು ಯಂತ್ರದ ಗಾಳಿ ಹೆಚ್ಚಿಸಿ, ಬೆನ್ನಿಗೆ ದಿಂಬು ಕೊಟ್ಟು, ಅವನು ಸುಧಾರಿಸಿಕೊಳ್ಳುವವರೆಗೂ ಭುಜ ಹಿಡಿದು ನಿಂತಳು. ಆಮೇಲೆ ಹೋಗಿ ಉಳಿದ ಆಲೂಗಡ್ಡೆ ಹೆಚ್ಚಿದಳು.

"ಅಂಚೆಗೆ ಹಾಕಿದ್ದು ನಾನೇ, ಅಮ್ಮ," ಎಂದಳು ರೀವಾ.

"ನೀನು ಓದಿದ್ಯಾ?"

"ಇಲ್ಲ."

"ಓದಿದ್ರೂ ಹಾಕ್ತಿದ್ದೆ ಬಿಡು. ನಾನೂ ಹಾಕ್ತಿದ್ದೆನೇನೋ." ಚಾಕು ನಿಂತಿತು. "ಚೆನ್ನಾಗೇ ಬರೆದಿದಾನೆ."

*

ಗುರುವಾರಗಳು ಈಗ ಮನೆಯಲ್ಲೇ ಕಳೆದವು. ರೀವಾ ಬಯಸಿದ್ದು ಅದನ್ನೇ. ಬಿಸಿ ಊಟ, ಅಪ್ಪನ ಪಕ್ಕ ಅಮ್ಮ. ಆದರೆ ಓಲೀಟಾ ಒಂದು ಕಡೆ ಕೂರಲಿಲ್ಲ. ಕಪಾಟುಗಳನ್ನು ಖಾಲಿ ಮಾಡಿ ಒರೆಸಿ ಮತ್ತೆ ತುಂಬಿದಳು. ಒಗೆದ ಪರದೆಗಳನ್ನೇ ಒಗೆದಳು. ಗಂಡನೊಂದಿಗೆ ಮಾತ್ರೆ, ಊಟ, ಸ್ನಾನ ಇಷ್ಟರದೇ ಮಾತು.

ಕ್ರಿಸ್‌ಮಸ್‌ಗೆ ತಿಂಗಳಿರುವಾಗ ಹೋಬರ್ಟ್ ಸ್ಲೋನ್ ಬಂದ. ಊರುಗೋಲು ಊರಿಕೊಂಡು, ಹೆಗಲಿಗೆ ಆಲೂಗಡ್ಡೆ ಚೀಲ ಹಾಕಿಕೊಂಡು, ಎರಡು ಮೈಲಿ ನಡೆದೇ ಬಂದಿದ್ದ. ಕಾಲಿಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು.

"ನೆಲಮಾಳಿಗೆ ಬೀಗ ಹಾಕಿದೆ, ಸಿಸ್ಟರ್. ಅದಕ್ಕೆ ಇಲ್ಲಿಗೇ ಬಂದೆ."

ಓಲೀಟಾ ಜಾಲರಿ ಬಾಗಿಲಿನ ಒಳಗೇ ನಿಂತಳು. "ನಾನು ಮುಟ್ಟೋ ಹಾಗಿಲ್ಲ, ಹೋಬರ್ಟ್. ಪಾದ್ರಿಗಳು ಹೇಳಲಿಲ್ವಾ?"

"ಹೇಳಿದ್ರು. ಕಾಗದದ ಏನೋ ತಂಟೆ ಅಂದ್ರು."

"ನಾಳೆನೇ ಬೆಟ್ಟದಾಚೆ ಆಸ್ಪತ್ರೆಗೆ ಹೋಗು. ಎಸ್ಟಿಲ್ ಗಾಡೀಲಿ ಕರ್ಕೊಂಡು ಹೋಗ್ತಾರೆ, ನಾನು ಹೇಳ್ತೀನಿ."

"ಹೋಗ್ತೀನಿ, ಹೋಗ್ತೀನಿ," ಎಂದ, ಹೋಗದವರು ಹೇಳುವ ಹಾಗೆ. ಚೀಲವನ್ನು ಜಗಲಿಯ ಮೇಲಿಳಿಸಿದ.

"ಅದನ್ನ ತಗೊಂಡು ಹೋಗಪ್ಪ."

"ಏನು?"

"ನಾನು ತಗೊಳ್ಳೋ ಹಾಗಿಲ್ಲ."

ಅವನು ಅವಳ ಮುಖ ನೋಡಿದ, ಚೀಲ ನೋಡಿದ. ಬಗ್ಗಿ ಎತ್ತಲು ಎರಡು ಸಲ ಪ್ರಯತ್ನಿಸಬೇಕಾಯಿತು. ರೀವಾ ಸಹಾಯಕ್ಕೆಂದು ಹೊರಗೆ ಬಂದರೆ ಕೈ ಅಡ್ಡ ಮಾಡಿದ.

ಅವನು ಗೇಟು ದಾಟಿದ ಮೇಲೆ ರೀವಾ ಅಂದಳು: "ಕಟ್ಟಿ ಕಳಿಸ್ಬಹುದಿತ್ತಲ್ಲಮ್ಮ. ಯಾರು ನೋಡ್ತಿದ್ರು?"

"ಇವತ್ತು ಕಟ್ಟಿದ್ರೆ ಇನ್ಯಾವತ್ತೂ ಕಟ್ಟೋ ಹಾಗಿಲ್ಲ. ಅವನೊಬ್ಬನೇ ಅಲ್ವಲ್ಲ ಇರೋದು." ಓಲೀಟಾ ಜಾಲರಿಗೆ ಹಣೆ ಒತ್ತಿ ನಿಂತಿದ್ದಳು. "ವಾಸನೆ ಬಂತಾ ನಿನಗೆ?"

ರೀವಾಳಿಗೆ ಬಂದಿತ್ತು. ಒಳಗೆ ಕೂತಿದ್ದ ಡೆಲ್ಮರ್‌ಗೆ ಅಷ್ಟೂ ಕೇಳಿಸಿತ್ತು. ಅವನು ಟಿವಿಯ ಸದ್ದು ಹೆಚ್ಚಿಸಿದ.

*

ಪಾದ್ರಿ ಎಸ್ಟಿಲ್ ರಾಜಧಾನಿಯ ಲೈಸೆನ್ಸ್ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದ. ಅಲ್ಲಿದ್ದ ಹೆಣ್ಣುಮಗಳು ಕೆಟ್ಟವಳಲ್ಲ. ತನ್ನ ಅಜ್ಜಿಯೂ ಬೆಟ್ಟದವಳೇ ಎಂದಳಂತೆ. ಲೈಸೆನ್ಸ್ ಮರಳಿ ಸಿಗುತ್ತದೆ, ಮೂರು ಷರತ್ತು. ಇನ್ನು ಮುಂದೆ ಏನೂ ಪಡೆಯುವುದಿಲ್ಲವೆಂದು ಓಲೀಟಾ ಸಹಿ ಹಾಕಬೇಕು. ಕಾಣಿಕೆ ತರಬಾರದೆಂದು ನೆಲಮಾಳಿಗೆಯ ಬಾಗಿಲಿಗೆ ಬೋರ್ಡು ಹಾಕಬೇಕು. ಮನೆಯಲ್ಲಿ ಉಳಿದಿರುವುದನ್ನು ಕೊಟ್ಟವರಿಗೆ ಹಿಂತಿರುಗಿಸಬೇಕು.

"ಛಾವಣಿ ಕಿತ್ತು ಕೊಡೋಣ್ವಾ?" ಎಂದಳು ಕ್ಯಾಸಿ. 

ಶನಿವಾರ ರೀವಾ ಪಿಕಪ್ ಗಾಡಿ ತೆಗೆದಳು. ಹಿಂದೆ ಇಪ್ಪತ್ತಾರು ಜಾಡಿ, ಎರಡು ಹೊದಿಕೆ, ಹೋದ ಕ್ರಿಸ್‌ಮಸ್‌ನಲ್ಲಿ ಹೋಬರ್ಟ್ ಕೊಟ್ಟಿದ್ದ ಹಂದಿತೊಡೆಯಲ್ಲಿ ಉಳಿದ ಅರ್ಧ. ಯಾವ ಜಾಡಿ ಯಾರದೆಂದು ಓಲೀಟಾಳಿಗೆ ಮುಚ್ಚಳ ನೋಡಿದರೇ ಗೊತ್ತು. ಆ ಕಣಿವೆಯಲ್ಲಿ ಖಾಲಿ ಜಾಡಿಯನ್ನು ಖಾಲಿಯಾಗಿ ಹಿಂತಿರುಗಿಸಿದವರಿಲ್ಲ. ತುಂಬಿದ ಜಾಡಿಯನ್ನು ಹಾಗೇ ಹಿಂತಿರುಗಿಸಿದವರು ಮೊದಲೇ ಇಲ್ಲ.

ವರ್ಡೀ ಬಾಗಿಲಲ್ಲಿ ನಿಂತು ತನ್ನದೇ ಜಾಡಿಯನ್ನು ಬೆಳಕಿಗೆ ಹಿಡಿದಳು.

"ಏನು, ಹುಳ ಇತ್ತಾ?"

"ಅಯ್ಯೋ, ಅದಲ್ಲ ವರ್ಡೀ. ಸರ್ಕಾರದೋರು..."

"ಸರ್ಕಾರದೋರಿಗೆ ನನ್ನ ಬೀನ್ಸ್ ಏನು ಮಾಡಿತ್ತು?"

"ನಾನು ತಗೊಂಡ್ರೆ ಲೈಸೆನ್ಸ್ ಹೋಗುತ್ತೆ. ನೀನು ಸುಮ್ನೆ ಬಾ. ಯಾವಾಗಿನ ಹಾಗೆ ಬಾ, ಮಾತ್ರೆ ತಗೊಂಡು ಹೋಗು."

"ಸುಮ್ನೆ," ಎಂದಳು ವರ್ಡೀ. ಆ ಪದವನ್ನು ಕೊಳೆತ ಹಣ್ಣಿನ ಹಾಗೆ ಬಾಯಲ್ಲಿ ಹೊರಳಿಸಿದಳು. "ಆಗ್ಲಿ ಸಿಸ್ಟರ್. ನಿಮ್ಮ ಮನೆಯೋರಿಗೆ ಕೇಳಿದೆ ಅಂತ ಹೇಳಿ."

ಹದಿನಾಲ್ಕು ಮನೆ. ಎಲ್ಲರೂ ವಿನಯವಾಗೇ ಮಾತಾಡಿದರು. ಒಬ್ಬರೂ ಒಳಗೆ ಕರೆಯಲಿಲ್ಲ. ಕೊನೆಗೆ ಹೋಬರ್ಟನ ಮನೆ. ಅವನು ಕುರ್ಚಿಯಿಂದ ಏಳಲಿಲ್ಲ. ಕಾಲಿನ ಮೇಲೆ ಕಂಬಳಿ ಹೊದ್ದಿದ್ದ. ಆಸ್ಪತ್ರೆಗೆ ಹೋಗಿದ್ದೆಯಾ ಎಂದು ಓಲೀಟಾ ಕೇಳಿದಳು. ಮುಂದಿನ ವಾರ ಎಂದ. ಮಾಂಸದ ಗಂಟನ್ನು ಬಾಗಿಲ ಬಳಿ ಇಡಲು ಹೇಳಿದ.

ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ರೀವಾಳಿಗೆ ಕಂಡಿತು. ಊರುಗೋಲಿನ ತುದಿ ಆ ಗಂಟನ್ನು ಮೆಲ್ಲಗೆ ಜಗಲಿಯಿಂದ ಕೆಳಗೆ ತಳ್ಳಿತು. ನಾಯಿಗಳು ಓಡಿ ಬಂದವು. ಅವಳು ತಾಯಿಗೆ ಹೇಳಲಿಲ್ಲ.

*

ಲೈಸೆನ್ಸ್ ಡಿಸೆಂಬರಿನ ಮೊದಲ ವಾರ ಬಂತು. ಓಲೀಟಾ ಅದಕ್ಕೆ ಚೌಕಟ್ಟು ಹಾಕಿಸಿ ನೆಲಮಾಳಿಗೆಯ ಗೋಡೆಗೆ ತೂಗುಹಾಕಿದಳು. ಬಿಳಿ ಕೋಟು ಇಸ್ತ್ರಿ ಮಾಡಿದಳು. ಹೊರಡುವಾಗ ಮೂರು ವಾರಗಳ ಮೇಲೆ ಮೊದಲ ಸಲ ಗಂಡನ ಹಣೆಗೆ ಮುತ್ತಿಟ್ಟಳು.

ಐದೂವರೆಗೇ ಮನೆಗೆ ಬಂದಳು.

"ಇಷ್ಟು ಬೇಗ?" ಎಂದ ಡೆಲ್ಮರ್.

"ಯಾರೂ ಬರ್ಲಿಲ್ಲ."

"ಹಿಮ ಬಿದ್ದಿದೆಯಲ್ಲ."

"ಹೂಂ. ಹಿಮ."

ಮರುವಾರ ಹಿಮವಿರಲಿಲ್ಲ. ಪರವೂರಿನ ಒಬ್ಬ ಲಾರಿ ಚಾಲಕ ಬಂದು ಶೌಚಾಲಯ ಎಲ್ಲಿ ಎಂದು ಕೇಳಿ ಹೋದನಂತೆ. ಎಲ್ಲರೂ ಬೋರ್ಡು ಓದಿದ್ದರು. ಕೊಡಲು ಬಿಡದ ಕಡೆ ಅವರು ಹೇಗೆ ಹೋಗುತ್ತಾರೆ? ಡೆಲ್ಮರ್ ಈ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯತೊಡಗಿತು.

"ತಿನ್ನಪ್ಪ."

"ತಿಂದೆ."

"ಎಲ್ಲಿ ತಿಂದೆ?"

"ನಿನ್ನ ಶಾಲೆ ಮಕ್ಕಳದ್ದು ನೋಡೋ ಹಾಗೆ ನನ್ನ ತಟ್ಟೆ ನೋಡ್ಬೇಡ ಕಣೇ!"

ಸುದ್ದಿ ತಂದವಳು ಕ್ಯಾಸಿ. ಅಂಗಡಿಯಿಂದ ಬಂದು ಕೋಟು ಕೂಡ ತೆಗೆಯದೆ ನಿಂತಳು. ಹೋಬರ್ಟನನ್ನು ಸೋಮವಾರ ಜ್ವರದಲ್ಲಿ ಎಸ್ಟಿಲ್ ಎತ್ತಿಕೊಂಡು ಹೋಗಿದ್ದನಂತೆ. ಮಂಗಳವಾರ ಮೊಣಕಾಲಿನ ಮೇಲೆ ಕತ್ತರಿಸಿದರಂತೆ. ಈ ದಿನ ಬೆಳಿಗ್ಗೆ ತೀರಿಕೊಂಡನಂತೆ. ನಂಜು ರಕ್ತಕ್ಕೆ ಏರಿತ್ತಂತೆ.

ಓಲೀಟಾ ಹಿಟ್ಟು ಕಲಸುತ್ತಿದ್ದಳು. ಕಲಸಿ ಮುಗಿಸಿದಳು. ಸಾವಿನ ಮನೆಗೆ ಅಡುಗೆ ಒಯ್ಯಬೇಕಲ್ಲ. ಎರಡು ಪಾತ್ರೆ ಮಾಡಿದಳು, ಕೋಳಿ ಹಾಕಿದ ಕಡುಬಿನ ಸಾರು ಒಂದು, ಸೇಬಿನ ಕೇಕು ಒಂದು.

ಹೋಬರ್ಟನ ಅಕ್ಕ ಜೆಟ್ಟಾ ಪಾತ್ರೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳು ಎಂಬತ್ತರ ಮುದುಕಿ, ಅವಳದು ಬಯ್ಯುವ ದನಿಯಲ್ಲ.

"ಅವನಿಗೆ ಹೇಳಿದ್ದೆ ಸಿಸ್ಟರ್, ನೆಲಮಾಳಿಗೆ ಮತ್ತೆ ತೆಗೆದಿದೆ ಹೋಗು ಅಂತ. ಅವನು ಹೇಗೆ ಬರ್ತಾನೆ? ಕೊಡೋಕೆ ನೀವು ಏನೂ ಬಿಡ್ಲಿಲ್ವಲ್ಲ."

ಓಲೀಟಾ ತಲೆ ಆಡಿಸಿದಳು. ವಾಪಸು ಬರುವಾಗ ಗಾಡಿಯಲ್ಲಿ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಳು. ಯಾರೋ ಮರೆತು ಬಿಟ್ಟುಹೋದ ವಸ್ತುಗಳ ಹಾಗೆ ಅವನ್ನೇ ನೋಡುತ್ತಿದ್ದಳು.

"ಅಂಚು ಕೆಂಪಾಗಿತ್ತು," ಎಂದಳು. "ಒಳ್ಳೆ ಕೆಂಪು."

ಆ ಮಾತನ್ನು ರೀವಾ ಮನೆಯಲ್ಲಿ ಅಪ್ಪನಿಗೆ ಹೇಳಿದಳು. ಹೇಳಬಾರದಿತ್ತು. ಜೆಟ್ಟಾಳ ಮಾತನ್ನೂ ಹೇಳಿದಳು. ಡೆಲ್ಮರ್ ಕಿಟಕಿ ಕಡೆ ತಿರುಗಿ ಕೂತ. ಹೊರಗೆ ಸೌದೆಯ ರಾಶಿ, ಹೋದ ವರ್ಷ ಹೋಬರ್ಟ್ ಸೀಳಿ ಜೋಡಿಸಿದ್ದರಲ್ಲಿ ಕೊನೆಯ ಸಾಲು.

*

ಮುಂದಿನ ವಾರದ ಗುರುವಾರ ರೀವಾ ಶಾಲೆಯಿಂದ ಬಂದಾಗ ಡೆಲ್ಮರ್ ಬೂಟು ಹಾಕಿಕೊಂಡು ಕೂತಿದ್ದ. ಗಡ್ಡ ಬೋಳಿಸಿದ್ದ, ಎರಡು ಕಡೆ ಗಾಯ.

"ಚರ್ಚಿಗೆ ಕರ್ಕೊಂಡು ಹೋಗು."

"ಇವತ್ತೇನು ಚರ್ಚು?"

"ಕೇಳ್ಬೇಡ. ಚಿಕ್ಕ ಸಿಲಿಂಡರ್ ಎತ್ಕೋ."

ಚರ್ಚಿನ ಹಜಾರದಲ್ಲಿ ಆರೇಳು ಹೆಂಗಸರು ಚೌಕಟ್ಟಿಗೆ ಬಿಗಿದ ಕೌದಿಯ ಸುತ್ತ ಕೂತು ಹೊಲಿಯುತ್ತಿದ್ದರು. ವರ್ಡೀ ಇದ್ದಳು, ಜೆಟ್ಟಾ ಕಪ್ಪು ಬಟ್ಟೆಯಲ್ಲಿದ್ದಳು. ಅವರ ಕಾಲ ಕೆಳಗಿನ ನೆಲಮಾಳಿಗೆಯಲ್ಲೇ ನರ್ಸ್ ಇದ್ದಳು. ಅಲ್ಲಿದ್ದವರಲ್ಲಿ ಮೂವರ ಮಾತ್ರೆ ಮುಗಿದು ವಾರಗಳಾಗಿದ್ದವು.

ಡೆಲ್ಮರ್ ಅವರ ಮುಂದೆ ನಿಂತ. ಟೋಪಿ ತೆಗೆದ. ಕೋಟಿನ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದ.

"ಏನೂ ತಂದಿಲ್ಲ," ಎಂದ. ಉಸಿರೆಳೆದುಕೊಂಡ. "ಬರಿಗೈ. ನೋಡ್ಕೊಳ್ಳಿ."

ಸೂಜಿಗಳು ನಿಂತವು.  ರೀವಾಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಹನ್ನೊಂದು ಮೆಟ್ಟಿಲು. ಮೂರಕ್ಕೊಂದು ಸಲ ಕೂತ. ರೀವಾ ಸಿಲಿಂಡರ್ ಹಿಡಿದು ಹಿಂದೆ ನಿಂತಳು. ಕೆಳಗೆ ಓಲೀಟಾ ಇಸ್ತ್ರಿ ಮಾಡಿದ ಕೋಟಿನಲ್ಲಿ ಮೇಜಿನ ಹಿಂದೆ ಎದ್ದು ನಿಂತಿದ್ದಳು; ಮೆಟ್ಟಿಲ ಮೇಲಿನ ಸದ್ದಿಗೇ ಎದ್ದಿರಬೇಕು. ಎದುರಿಗೆ ಹತ್ತು ಖಾಲಿ ಕುರ್ಚಿ.

ಡೆಲ್ಮರ್ ಮೊದಲನೆಯದರಲ್ಲಿ ಕುಸಿದು ಕೂತ. ತುಟಿ ನೀಲಿಯಾಗಿತ್ತು.

"ಮನೇಲೇ ನೋಡ್ತಿದ್ನಲ್ಲ," ಎಂದಳು ಓಲೀಟಾ, ಮೆಲ್ಲಗೆ.

"ಮನೇಲಿ ನೀನು ಹೆಂಡ್ತಿ. ಇಲ್ಲಿ ನೋಡು."

ಅವಳು ಮೇಜು ಬಳಸಿ ಬಂದಳು. ಆಮೇಲೆ ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಮುಳ್ಳು ಇಳಿಯುವುದನ್ನು ಮೂವರೂ ನೋಡಿದರು. ಅವಳು ಬೆರಳಿಗೆ ಸಿಕ್ಕಿಸುವ ಯಂತ್ರ ಹಾಕಿ ಆಮ್ಲಜನಕದ ಅಂಕಿ ನೋಡಿದಳು, ಅಂಕಿ ಚೆನ್ನಾಗಿರಲಿಲ್ಲ. ಹೊಸ ರೋಗಿಗೆ ತುಂಬುವ ಹಾಳೆ ಎಳೆದುಕೊಂಡು ಕನ್ನಡಕ ಹಾಕಿಕೊಂಡಳು.

"ಹೆಸರು?"

"ಗೊತ್ತಿಲ್ವಾ ನಿನಗೆ?"

"ಹೆಸರು."

ಹೇಳಿದ. ವಯಸ್ಸು ಹೇಳಿದ. ಕೆಲಸ: ಗಣಿ. ಮೇಲೆ ಹಲಗೆಯ ನೆಲದ ಮೇಲೆ ಒಂದು ಕುರ್ಚಿ ಸರಿದ ಸದ್ದಾಯಿತು. ರೀವಾ ತಲೆಯೆತ್ತಿ ಕಾದಳು. ಮತ್ತೆ ಸದ್ದಿಲ್ಲ.

ಓಲೀಟಾ ಹಾಳೆಯ ಕೊನೆಯ ಸಾಲಿಗೆ ಬಂದಳು. ಎಲ್ಲ ರೋಗಿಗಳಿಗೂ ಕೇಳುವ ಪ್ರಶ್ನೆಯನ್ನು ಎಲ್ಲರಿಗೂ ಕೇಳುವ ದನಿಯಲ್ಲೇ ಕೇಳಿದಳು.

"ನಿಮ್ಮನ್ನ ಇಲ್ಲಿಗೆ ಯಾರು ಕಳಿಸಿದ್ದು?"

ಡೆಲ್ಮರ್ ಬಹಳ ಹೊತ್ತು ಉಸಿರಿಗಾಗಿ ಕಾದ.

"ಹೋಬರ್ಟ್," ಎಂದ. "ಹೋಬರ್ಟ್ ಸ್ಲೋನ್."

ಓಲೀಟಾ ಬರೆದುಕೊಂಡಳು.